ತಲೆಗೆ ದೊಣ್ಣೆ ಏಟು: ಎದ್ದು ಮಾತಾಡಿದ ಮೇಲೂ

ಹೊಡೆದಾಟದಲ್ಲಿ ನೆತ್ತಿಯ ಚರ್ಮ ಹರಿದರೆ ರಕ್ತ ಅಂಗಿಯೆಲ್ಲ ತೋಯುವಷ್ಟು ಸುರಿಯುತ್ತದೆ. ನಾಲ್ಕು ಹೊಲಿಗೆ ಬಿದ್ದರೆ ನಿಲ್ಲುತ್ತದೆ. ನಿಜವಾದ ಭಯ, ಕಿವಿಯ ಮೇಲ್ಗಡೆ ಸಣ್ಣದೊಂದು ಬಾವು ಇಟ್ಟುಕೊಂಡು "ಏನೂ ಆಗಿಲ್ಲ ಸಾರ್" ಎಂದು ನಡೆದು ಬರುವವರದು. ಅಲ್ಲಿ ಬುರುಡೆ ತೆಳು. ಅದರ ಒಳಮೈಗೆ ಅಂಟಿಕೊಂಡೇ ಒಂದು ಅಪಧಮನಿ ಸಾಗುತ್ತದೆ. ಎಲುಬು ಬಿರಿದು ಅದೂ ಹರಿದರೆ ಬುರುಡೆಗೂ ಮೆದುಳಿನ ಹೊದಿಕೆಗೂ ನಡುವೆ ರಕ್ತ ತುಂಬತೊಡಗುತ್ತದೆ. ಕೆಲವರು ಎಚ್ಚರ ತಪ್ಪಿ, ಮತ್ತೆ ಎದ್ದು ಕೂತು, ಊಟವನ್ನೂ ಮಾಡಿ, ಕೆಲವು ತಾಸಿನಲ್ಲಿ ಮಂಪರಿಗೆ ಜಾರುತ್ತಾರೆ. ಬಾಯಲ್ಲಿ ಹೆಂಡದ ವಾಸನೆ ಇದ್ದರಂತೂ, ಅಮಲು ಇಳಿಯಲಿ ಎಂದು ಮನೆಯವರು ಹೊದಿಸಿ ಮಲಗಿಸುತ್ತಾರೆ. ಏಟು ಬಿದ್ದವನ ಮಂಪರನ್ನು ಸಿ.ಟಿ. ಸ್ಕ್ಯಾನ್ ನೋಡುವ ತನಕ ಹೆಂಡದ ಲೆಕ್ಕಕ್ಕೆ ಬರೆಯಬಾರದು.

ಎರಡು ಸಲ ವಾಂತಿ, ಫಿಟ್ಸ್, ಒಂದು ಕೈಕಾಲಿನ ಬಲ ಕುಗ್ಗುವುದು, ಮೂಗಿನಿಂದಲೋ ಕಿವಿಯಿಂದಲೋ ನೀರು ಸೋರುವುದು: ಇವುಗಳಲ್ಲಿ ಒಂದಿದ್ದರೂ ಸ್ಕ್ಯಾನ್ ತಡವಾಗಬಾರದು. ಸೋರುವ ಕಿವಿಗೆ ಹತ್ತಿ ತುರುಕಬೇಡಿ. ಡಾಕ್ಟರು ಮನೆಗೆ ಕಳಿಸಿದ್ದರೂ ಮೊದಲ 24 ಗಂಟೆ ಜೊತೆಗೊಬ್ಬರು ಇರಲಿ, ರಾತ್ರಿ ಆಗಾಗ ಎಬ್ಬಿಸಲಿ. "ಹೂಂ" ಅಂದರೆ ಸಾಲದು. ಕಣ್ಣು ಬಿಟ್ಟು, ಎಲ್ಲಿದ್ದೇನೆಂದು ಸರಿಯಾಗಿ ಹೇಳಿ, ಎರಡೂ ಕೈ ಒಂದೇ ಮಟ್ಟದಲ್ಲಿ ಎತ್ತಿ ಹಿಡಿಯಬೇಕು.

ಪೊಲೀಸ್ ಕೇಸಿಗೆ ಹೆದರಿ "ಬಚ್ಚಲಲ್ಲಿ ಜಾರಿದ್ದು" ಎನ್ನುವವರು ನಮ್ಮ ಕೆಲಸ ಕೆಡಿಸುತ್ತಾರೆ. ನಿಂತ ತಲೆಗೆ ದೊಣ್ಣೆ ಬಿದ್ದರೆ ಸಾಮಾನ್ಯವಾಗಿ ಏಟಿನ ಕೆಳಗಿನ ಮೆದುಳೇ ಜಜ್ಜುತ್ತದೆ. ತಲೆಯೇ ಹೋಗಿ ನೆಲಕ್ಕೆ ಬಡಿದರೆ ಎದುರು ಬದಿಯದೂ ಜಜ್ಜಬಹುದು. ಹೊಡೆಸಿಕೊಂಡು ಬಿದ್ದವನಿಗೆ ಎರಡೂ ಉಂಟು. ಎಂ.ಎಲ್.ಸಿ. (ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಿ ದಾಖಲಿಸುವ ಪ್ರಕರಣ) ಆಗುತ್ತದೆ, ಆಗಲಿ, ನಡೆದದ್ದನ್ನು ನಡೆದಂತೆ ಹೇಳಿ.

ವಯಸ್ಸಾದವರಲ್ಲಿ ಲೆಕ್ಕ ಬೇರೆ. ಮೆದುಳು ಸೊರಗಿ ಬುರುಡೆಯೊಳಗೆ ಜಾಗ ಉಳಿದಿರುವುದರಿಂದ, ರಕ್ತ ನಿಧಾನಕ್ಕೆ ಸೇರುತ್ತಿದ್ದರೂ ಬೇಗ ಗೊತ್ತಾಗುವುದಿಲ್ಲ. ಮೂರು ವಾರದ ಮೇಲೆ ಕಾಲೆಳೆಯುವುದು, ಮರೆವು ಶುರುವಾದರೆ ಅದನ್ನು ಮುಪ್ಪಿನ ತಲೆಗೆ ಕಟ್ಟಬೇಡಿ.

ಗಾಯ ಮಾಯ್ದ ಮೇಲೆ ಬರುವ ದೂರು ಹೆಚ್ಚಾಗಿ ಹೆಂಡತಿಯದೋ ತಾಯಿಯದೋ: "ಮೊದಲಿನ ಹಾಗಿಲ್ಲ, ಮಾತೆತ್ತಿದರೆ ಸಿಟ್ಟು." ಹಣೆಯ ಹಿಂದಿನ ಮೆದುಳಿಗೆ ಪೆಟ್ಟಾದರೆ ಹೀಗಾಗುತ್ತದೆ, ಅದು ಕೊಬ್ಬಲ್ಲ. ಗದ್ದಲ ಕಡಿಮೆ ಮಾಡಿ, ಒಂದು ಸಲಕ್ಕೆ ಒಂದೇ ಕೆಲಸ ಹೇಳಿ. ಇದರ ಜೊತೆಗೇ ವಾಸನೆಯೂ ಹೋಗಿರಬಹುದು, ಅದನ್ನು ಯಾರೂ ವಿಚಾರಿಸುವುದಿಲ್ಲ. ಹಾಲು ಸೀದದ್ದು, ಗ್ಯಾಸ್ ಸೋರಿದ್ದು ಅವರಿಗೆ ತಿಳಿಯದು. ಒಲೆಯ ಹತ್ತಿರ ಒಬ್ಬರನ್ನೇ ಬಿಡುವ ಮುಂಚೆ ಕಣ್ಣು ಮುಚ್ಚಿಸಿ, ಒಂದು ಹೊಳ್ಳೆ ಒತ್ತಿ ಹಿಡಿದು, ಇನ್ನೊಂದರ ಮುಂದೆ ಕಾಫಿಪುಡಿ ಹಿಡಿಯಿರಿ. ಆಮೇಲೆ ಇನ್ನೊಂದು ಹೊಳ್ಳೆ.