ಬಸಿರಿಗೆ ಒಂದು ಮುಚ್ಚಳ ಬ್ರಾಂದಿ ಕೊಡಬಹುದಾ?

ಮೊದಲ ತಪಾಸಣೆಗೆ ಬಂದವರಿಗೆ ನಾವು ಹೆರಿಗೆ ಡಾಕ್ಟರುಗಳು ನೂರೆಂಟು ಪ್ರಶ್ನೆ ಕೇಳುತ್ತೇವೆ. ಮುಟ್ಟು ನಿಂತದ್ದು ಯಾವಾಗ, ವಾಂತಿ ಇದೆಯಾ, ಮನೆಯಲ್ಲಿ ಯಾರಿಗಾದರೂ ಶುಗರ್ ಇದೆಯಾ, ಸಂಬಂಧದಲ್ಲೇ ಮದುವೆ ಆಗಿದ್ದಾ. "ಕುಡೀತೀರಾ?" ಅಂತ ಕೇಳಲು ಮಾತ್ರ ನಾಲಿಗೆ ಏಳುವುದಿಲ್ಲ. ಪಕ್ಕದಲ್ಲಿ ಅತ್ತೆ ಕೂತಿರುತ್ತಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15 ವರ್ಷ ದಾಟಿದ ಹೆಂಗಸರಲ್ಲಿ ಕುಡಿಯುವವರು ಬರೀ ಶೇ. 1.3. ಇಷ್ಟು ಕಡಿಮೆ ಇರುವಾಗ ಸುಮ್ನೆ ಯಾಕೆ ಕೇಳಿ ಮುಜುಗರ ಮಾಡಬೇಕು ಅಂತ ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತೇವೆ.

ನಾನು ಈಗ ಅತ್ತೆಯನ್ನು ಹೊರಗೆ ಕೂರಿಸಿ, ಬೇರೆ ಥರ ಕೇಳುತ್ತೇನೆ. ಶೀತ ಆದರೆ ಮನೆಯಲ್ಲಿ ಏನು ಕೊಡ್ತಾರೆ? ಆಯುರ್ವೇದದ ಅರಿಷ್ಟ ಏನಾದ್ರೂ ತಗೋತಿದೀರಾ? ಪಾರ್ಟಿಗೆ ಹೋದಾಗ ವೈನ್? ಆಗ ಒಂದೊಂದೇ ಹೊರಬರುತ್ತದೆ. ಮಳೆಗಾಲದಲ್ಲಿ ಬಿಸಿನೀರಿಗೆ ಒಂದು ಮುಚ್ಚಳ ಬ್ರಾಂದಿ. ಊರಿಗೆ ಹೋದಾಗ ಒಂದು ಲೋಟ ಸೇಂದಿ, "ಅದು ಮರದ್ದು ಮೇಡಂ, ಮೈಗೆ ತಂಪು". ಕೊಡಗಿನ ನೆಂಟರು ಮನೆಯಲ್ಲೇ ಮಾಡಿ ಕಳಿಸಿದ ವೈನ್. ಬೆಂಗಳೂರಿನವರಾದರೆ ವಾರದ ಕೊನೆಗೆ ಆಫೀಸಿನವರ ಜೊತೆ ಎರಡು ಬಿಯರ್. ಇವರಲ್ಲಿ ಯಾರೂ ತಮ್ಮನ್ನು ಕುಡಿಯುವವರು ಅಂದುಕೊಂಡಿರುವುದಿಲ್ಲ. ಹಾಗಾಗಿ "ಕುಡೀತೀರಾ?" ಅಂದರೆ "ಛೆ, ಇಲ್ಲಪ್ಪ" ಅನ್ನುತ್ತಾರೆ. ಅದು ಸುಳ್ಳೂ ಅಲ್ಲ.

ಆದರೆ ಈ ಎಲ್ಲ ಬಾಟಲಿಗಳಲ್ಲಿ ಇರುವುದು ಒಂದೇ ಎಥನಾಲ್, ಅಂದರೆ ಅಮಲು ತರುವ ಆಲ್ಕೊಹಾಲ್. ಕೆಟ್ಟದ್ದನ್ನೆಲ್ಲ ಮಾಸು (ಗರ್ಭದಲ್ಲಿ ತಾಯಿಗೂ ಮಗುವಿಗೂ ನಡುವೆ ಇರುವ ಪ್ಲಾಸೆಂಟಾ) ತಡೆಯುತ್ತದೆ ಅಂತ ಬಹಳ ಜನ ನಂಬಿದ್ದಾರೆ. ಎಥನಾಲ್ ವಿಷಯದಲ್ಲಿ ಅದು ತೆರೆದ ಬಾಗಿಲು. ತಾಯಿ ಕುಡಿದ ಸ್ವಲ್ಪ ಹೊತ್ತಿಗೆ ಮಗುವಿನ ರಕ್ತದಲ್ಲೂ ಹೆಚ್ಚುಕಡಿಮೆ ಅಷ್ಟೇ ಮಟ್ಟ ಇರುತ್ತದೆ. ತಾಯಿಯ ಲಿವರ್ ಅದನ್ನು ಒಡೆದು ಹಾಕುತ್ತದೆ. ಮಗುವಿನ ಲಿವರ್‌ಗೆ ಆ ಕೆಲಸದ ಕಿಣ್ವ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಮಗು ಮೂತ್ರದಲ್ಲಿ ಹೊರಹಾಕಿದರೂ ಅದು ಹೋಗುವುದು ಗರ್ಭದ ನೀರಿಗೆ, ಆ ನೀರನ್ನೇ ಮಗು ಮತ್ತೆ ನುಂಗುತ್ತದೆ. ತಾಯಿಗೆ ಇಳಿದ ಮೇಲೂ ಮಗುವಿಗೆ ಇಳಿದಿರುವುದಿಲ್ಲ.

ಇದರ ಪರಿಣಾಮವನ್ನು ವೈದ್ಯರು ಸರಿಯಾಗಿ ಗುರುತಿಸಿದ್ದು ತೀರಾ ಹಳೆಯ ಕಥೆ ಏನಲ್ಲ. 1968ರಲ್ಲಿ ಫ್ರಾನ್ಸಿನ ಮಕ್ಕಳ ವೈದ್ಯ ಪಾಲ್ ಲೆಮ್ವಾನ್, ಕುಡಿತದ ಮನೆಗಳ 127 ಮಕ್ಕಳ ಬಗ್ಗೆ ಬರೆದರು. ಯಾರೂ ಅಷ್ಟಾಗಿ ಗಮನ ಕೊಡಲಿಲ್ಲ. 1973ರಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಇದಕ್ಕೆ 'ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್' ಅಂತ ಹೆಸರಿಟ್ಟರು. ಪುಟ್ಟ ಕಣ್ಣು, ತೆಳು ಮೇಲ್ದುಟಿ, ಮೂಗಿನಿಂದ ತುಟಿಗೆ ಇಳಿಯುವ ಗೆರೆ ಇಲ್ಲದೆ ಸಪಾಟಾದ ಜಾಗ, ಕಡಿಮೆ ತೂಕ. ನಾವು ಪಠ್ಯದಲ್ಲಿ ಓದಿದ್ದು ಈ ಮುಖವನ್ನೇ.

ತೊಂದರೆ ಏನೆಂದರೆ, ಮದ್ಯದಿಂದ ಪೆಟ್ಟು ತಿಂದ ಹೆಚ್ಚಿನ ಮಕ್ಕಳ ಮುಖ ಮಾಮೂಲಿಯಾಗೇ ಇರುತ್ತದೆ. ಮುಖ ರೂಪುಗೊಳ್ಳುವುದು ಮೊದಲ ಕೆಲವು ವಾರಗಳಲ್ಲಿ. ಮಿದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ "ಮೂರು ತಿಂಗಳು ದಾಟಿತಲ್ಲ, ಇನ್ನೇನೂ ಆಗಲ್ಲ" ಅನ್ನುವ ಮಾತಿಗೆ ಅರ್ಥವಿಲ್ಲ. ಏಳನೇ ತಿಂಗಳಲ್ಲಿ ಕುಡಿದದ್ದೂ ಮಿದುಳಿಗೆ ಹೋಗುತ್ತದೆ. ಮಗು ಹುಟ್ಟಿದಾಗ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಎರಡನೇ, ಮೂರನೇ ಕ್ಲಾಸಿಗೆ ಬಂದಾಗ ಲೆಕ್ಕ ತಲೆಗೆ ಹತ್ತುವುದಿಲ್ಲ, ಒಂದು ಕಡೆ ಕೂರುವುದಿಲ್ಲ, ನಿನ್ನೆ ಬೈಸಿಕೊಂಡ ತಪ್ಪನ್ನೇ ಇವತ್ತೂ ಮಾಡುತ್ತದೆ. ಮೇಷ್ಟ್ರು ಮೊಂಡ ಅನ್ನುತ್ತಾರೆ. ಎಂಟು ವರ್ಷ ಹಿಂದಿನ ಬಸುರಿನ ಬಗ್ಗೆ ಆಗ ಯಾರು ಕೇಳುತ್ತಾರೆ? ನಾವು ಕೇಳಿ ಬರೆದಿಟ್ಟಿದ್ದರೆ ತಾನೇ ಸಿಗುವುದು. ಈ ಹಾನಿಯನ್ನು ಔಷಧಿಯಿಂದ ತೆಗೆಯಲು ಆಗುವುದಿಲ್ಲ. ಬೇಗ ಗೊತ್ತಾದರೆ ಕಲಿಸುವ ರೀತಿ ಬದಲಿಸಿ ಮಗುವಿಗೆ ಎಷ್ಟೋ ಸಹಾಯ ಮಾಡಬಹುದು, ಅಷ್ಟೆ. ಗರ್ಭಪಾತ, ಅವಧಿಗೆ ಮುಂಚಿನ ಹೆರಿಗೆ, ಹೊಟ್ಟೆಯಲ್ಲೇ ಮಗು ತೀರಿಹೋಗುವ ಅಪಾಯವೂ ಮದ್ಯದಿಂದ ಜಾಸ್ತಿಯಾಗುತ್ತದೆ.

ಅಮೆರಿಕದಲ್ಲಿ 1989ರಿಂದ ಬಾಟಲಿಯ ಮೇಲೆ ಗರ್ಭಿಣಿಯರಿಗೆ ಎಚ್ಚರಿಕೆ ಇದೆ. ನಮ್ಮ ಬಾಟಲಿ ಆರೋಗ್ಯಕ್ಕೆ ಹಾನಿ, ಕುಡಿದು ಗಾಡಿ ಓಡಿಸಬೇಡಿ ಅನ್ನುತ್ತದೆ. ಗಂಡಸರೇ ಓದುತ್ತಾರೆ ಅಂತ ಲೆಕ್ಕ ಇರಬೇಕು!

ಇನ್ನು ಪ್ರಮಾಣದ ವಿಷಯ. ನಮ್ಮಲ್ಲಿ ಸಿಗುವ ಬ್ರಾಂದಿ, ವಿಸ್ಕಿ, ರಮ್‌ನಲ್ಲಿ ಆಲ್ಕೊಹಾಲ್ ಶೇ. 42.8. 30 ಎಂಎಲ್‌ನ ಸಣ್ಣ ಪೆಗ್‌ನಲ್ಲಿ ಸುಮಾರು 10 ಗ್ರಾಂ ಎಥನಾಲ್. 650 ಎಂಎಲ್‌ನ ಶೇ. 5ರ ಬಿಯರ್ ಬಾಟಲಿಯಲ್ಲಿ ಸುಮಾರು 25 ಗ್ರಾಂ. ಅದೇ ಬಾಟಲಿ ಶೇ. 8ರ ಸ್ಟ್ರಾಂಗ್ ಆದರೆ 40 ಗ್ರಾಂ, ಅಂದರೆ ನಾಲ್ಕು ಪೆಗ್. "ಬರೀ ಬಿಯರ್" ಅನ್ನುವವರಿಗೆ ಈ ಲೆಕ್ಕ ಹೇಳಿದರೆ ಮುಖ ನೋಡಬೇಕು. ಸೇಂದಿಯೂ ಅಷ್ಟೆ. ಮರದಿಂದ ಇಳಿಸಿದ ತಾಜಾ ನೀರಾದಲ್ಲಿ ಅಮಲಿಲ್ಲ, ಆದರೆ ಕೆಲವೇ ಗಂಟೆಯಲ್ಲಿ ಹುಳಿ ಬಂದು ಅದು ಬಿಯರಿನಷ್ಟೇ ಆಗುತ್ತದೆ.

ಹಾಗಾದರೆ ಎಷ್ಟು ಕುಡಿದರೆ ಪರವಾಗಿಲ್ಲ? ಜಾಸ್ತಿ ಕುಡಿದರೆ, ಅದರಲ್ಲೂ ಒಂದೇ ಸಲಕ್ಕೆ ಜಾಸ್ತಿ ಕುಡಿದರೆ, ಹಾನಿ ಖಚಿತವಾಗಿ ಹೆಚ್ಚು. ತೀರಾ ಸ್ವಲ್ಪದಿಂದ ಎಷ್ಟು ಹಾನಿ ಎಂದು ಗೆರೆ ಎಳೆದು ತೋರಿಸಲು ಯಾರಿಗೂ ಆಗಿಲ್ಲ. ಗರ್ಭಿಣಿಯರಿಗೆ ಕುಡಿಸಿ ಪ್ರಯೋಗ ಮಾಡುವ ಹಾಗಿಲ್ಲವಲ್ಲ. ಗೆರೆ ಗೊತ್ತಿಲ್ಲದ ಕಡೆ ನಾನು ಸೊನ್ನೆ ಅಂತಲೇ ಹೇಳುತ್ತೇನೆ. ಆ ಒಂದು ಮುಚ್ಚಳ ಬ್ರಾಂದಿಯಿಂದ ಶೀತವೇನೂ ಹೋಗುವುದಿಲ್ಲ. ಚರ್ಮದ ರಕ್ತನಾಳ ಹಿಗ್ಗಿ ಮೈ ಬೆಚ್ಚಗಾದ ಹಾಗೆ ಅನಿಸುತ್ತದೆ, ನಿಜಕ್ಕೂ ಮೈಯಿಂದ ಶಾಖ ಹೊರಗೆ ಹೋಗುತ್ತಿರುತ್ತದೆ.

ಇದನ್ನೆಲ್ಲ ಹೇಳಿದ ಕೂಡಲೇ ಎದುರಿಗೆ ಕೂತವರ ಕಣ್ಣಲ್ಲಿ ನೀರು ಬರುವುದುಂಟು. "ಗೊತ್ತಾಗೋ ಮುಂಚೆ ಕುಡಿದಿದ್ದೆ, ಈಗ ಏನು ಮಾಡಲಿ?" ಇಂಥವರೇ ಜಾಸ್ತಿ. ಬಸಿರು ಗೊತ್ತಾಗುವುದೇ ಮುಟ್ಟು ತಪ್ಪಿದ ಮೇಲೆ, ಅಷ್ಟರಲ್ಲಿ ನಾಲ್ಕೈದು ವಾರ ಆಗಿರುತ್ತದೆ. ಗೋವಾ ಪ್ರವಾಸವೋ ಗೆಳತಿಯ ಮದುವೆಯೋ ಅದೇ ವಾರಗಳಲ್ಲಿ ಬಂದಿರುತ್ತದೆ. ಇದಕ್ಕೇ ಗರ್ಭ ತೆಗೆಸಿಬಿಡೋಣ ಅಂತ ನಿರ್ಧಾರ ಮಾಡಿಕೊಂಡೇ ಬಂದವರನ್ನು ನೋಡಿದ್ದೇನೆ. ದಯವಿಟ್ಟು ಆ ಹೆದರಿಕೆಯಲ್ಲಿ ತೀರ್ಮಾನ ಮಾಡಬೇಡಿ. ಗೊತ್ತಿಲ್ಲದೆ ಒಂದೆರಡು ಸಲ ಸ್ವಲ್ಪ ಕುಡಿದವರಿಗೆ ಆರೋಗ್ಯವಂತ ಮಗು ಹುಟ್ಟುವ ಸಾಧ್ಯತೆಯೇ ಹೆಚ್ಚು. ಇವತ್ತು ನಿಲ್ಲಿಸಿ, ಎಷ್ಟು ಕುಡಿದಿರಿ ಅಂತ ನಿಮ್ಮ ಡಾಕ್ಟರಿಗೆ ಹೇಳಿ, ಫೋಲಿಕ್ ಆಸಿಡ್ ಮಾತ್ರೆ ಶುರು ಮಾಡಿ, ಸ್ಕ್ಯಾನ್‌ಗಳನ್ನು ತಪ್ಪಿಸಬೇಡಿ. ಆದರೆ ಸ್ಕ್ಯಾನ್ ಸರಿ ಇದೆ ಅಂದ ಮಾತ್ರಕ್ಕೆ ಮತ್ತೆ ಶುರು ಮಾಡಬೇಡಿ. ಮಿದುಳಿನ ಸೂಕ್ಷ್ಮ ಪೆಟ್ಟು ಸ್ಕ್ಯಾನ್‌ನಲ್ಲಿ ಕಾಣುವುದಿಲ್ಲ. ಮಗು ಬೇಕು ಅಂತ ಪ್ರಯತ್ನಿಸುತ್ತಿರುವವರು ಆ ತಿಂಗಳಿಂದಲೇ ಬಿಡುವುದು ಒಳ್ಳೆಯದು.

ಅರಿಷ್ಟದ ಬಗ್ಗೆ ಹೇಳಿದರೆ ಕೆಲವರಿಗೆ ಸಿಟ್ಟು ಬರುತ್ತದೆ. ಅರಿಷ್ಟ, ಆಸವಗಳು ಹುದುಗಿಸಿ ಮಾಡುವ ಔಷಧಿ, ಅವುಗಳಲ್ಲಿ ತಾನಾಗೇ ಹುಟ್ಟಿದ ಆಲ್ಕೊಹಾಲ್ ಸಾಮಾನ್ಯವಾಗಿ ಶೇ. 5ರಿಂದ 10 ಇರುತ್ತದೆ. ಲೇಬಲ್ಲಿನಲ್ಲೇ ಬರೆದಿರುತ್ತದೆ, ಓದಿ. ಬಸುರಿನಲ್ಲಿ ವೈದ್ಯರನ್ನು ಕೇಳದೆ ಅಂಗಡಿಯಿಂದ ತಂದು ಕುಡಿಯಬೇಡಿ. ಕೆಲವು ಕೆಮ್ಮಿನ ಸಿರಪ್‌ಗಳಿಗೂ ಇದೇ ಮಾತು.

ಬಾಣಂತಿಗೆ ಬ್ರಾಂದಿ ಕೊಟ್ಟರೆ ಮೈ ಗಟ್ಟಿಯಾಗುತ್ತದೆ, ಹಾಲು ಬರುತ್ತದೆ ಅನ್ನುವ ಅಜ್ಜಿಯರು ಇನ್ನೂ ಇದ್ದಾರೆ. ಹಾಲು ಇಳಿಸುವ ಆಕ್ಸಿಟೋಸಿನ್ ಹಾರ್ಮೋನನ್ನು ಮದ್ಯ ತಗ್ಗಿಸುತ್ತದೆ, ಮೇಲಿಂದ ರಕ್ತದಲ್ಲಿ ಇದ್ದಷ್ಟೇ ಹಾಲಿಗೂ ಬರುತ್ತದೆ. ಶೀತಕ್ಕೆ ಅಂತ ಕೂಸಿನ ನಾಲಿಗೆಗೇ ಬ್ರಾಂದಿ ಸವರುವುದಂತೂ ಬೇಡವೇ ಬೇಡ. ಎಳೆ ಮಗುವಿನ ರಕ್ತದ ಸಕ್ಕರೆ ಇಳಿದು ಫಿಟ್ಸ್ ಬರಬಹುದು.

ದಿನಾ ಕುಡಿಯುವ ಅಭ್ಯಾಸ ಇರುವ ಗರ್ಭಿಣಿಗೆ ನಾನು ಹೇಳುವುದು ಬೇರೆ. ಅಂಥವರು ಮನೆಯಲ್ಲಿ ತಾವೇ ತಟ್ಟನೆ ನಿಲ್ಲಿಸಬಾರದು. ಕೈ ನಡುಕ, ಬೆವರು, ಫಿಟ್ಸ್ ಬಂದು ತಾಯಿ ಮಗು ಇಬ್ಬರಿಗೂ ಅಪಾಯ. ಆಸ್ಪತ್ರೆಯಲ್ಲಿ ಕೆಲವು ದಿನ ಇರಿಸಿಕೊಂಡು, ಔಷಧಿ ಮತ್ತು ಥಯಾಮಿನ್ (ವಿಟಮಿನ್ ಬಿ1) ಕೊಟ್ಟು ಬಿಡಿಸುತ್ತೇವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆ ಪ್ರತ್ಯೇಕ ಕೇಂದ್ರವೇ ಇದೆ. ದೂರದವರು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಗಂಡನೂ ಕುಡಿಯುತ್ತಿದ್ದರೆ ಇಬ್ಬರಿಗೂ ಒಟ್ಟಿಗೆ ಚಿಕಿತ್ಸೆ ಆಗಲಿ. ಎದುರಿಗೇ ಬಾಟಲಿ ತೆರೆದು ಕೂತರೆ ಅವಳು ಹೇಗೆ ಬಿಟ್ಟಾಳು?

"ತಿಳಿಯದಂತೆ ಊಟದಲ್ಲಿ ಬೆರೆಸಿ ಕುಡಿತ ಬಿಡಿಸಿ" ಅನ್ನುವ ಜಾಹೀರಾತಿನ ಪುಡಿಗಳನ್ನು ಮಾತ್ರ ಗರ್ಭಿಣಿಗೆ ಹಾಕಬೇಡಿ. ಅವುಗಳಲ್ಲಿ ಕುಡಿತ ಬಿಡಿಸಲು ವೈದ್ಯರು ಕೊಡುವ ಡೈಸಲ್ಫಿರಾಮ್ ಅನ್ನುವ ಔಷಧಿ ಇರಬಹುದು. ಅದರ ಮೇಲೆ ಮದ್ಯ ಬಿದ್ದರೆ ಬಿಪಿ ಕುಸಿದು ಮಗುವಿಗೆ ಹೋಗುವ ರಕ್ತವೇ ಕಡಿಮೆಯಾಗುತ್ತದೆ. ಈಗಾಗಲೇ ಹಾಕಿದ್ದರೆ ಬೈಯುತ್ತಾರೆ ಅಂತ ಮುಚ್ಚಿಡಬೇಡಿ, ಆ ಪೊಟ್ಟಣ ತೆಗೆದುಕೊಂಡೇ ಆಸ್ಪತ್ರೆಗೆ ಬನ್ನಿ.