ಕಾರಿನ ಹೊಟ್ಟೆಗೆ ಹೊಗೆ

ಕಳೆದ ಆಟಿ ತಿಂಗಳಲ್ಲಿ ನಮ್ಮ ಹಳೆ ಪೆಟ್ರೋಲ್ ಕಾರಿಗೆ ನಡುಕ ಶುರುವಾಯಿತು. ಮಂಗಳೂರಿನ ನಂತೂರಿನಲ್ಲಿ ಟ್ರಾಫಿಕ್‌ಗೆ ಸಿಕ್ಕಿ ನಿಂತರೆ ಸಾಕು, ಸ್ಟೇರಿಂಗ್ ಗಡಗಡ ಅನ್ನುತ್ತಿತ್ತು. ಎದುರಿಗೆ ಇಂಜಿನ್ ಚಿತ್ರದ ಹಳದಿ ದೀಪ. ಅದೇ ಕಾರು ಮೂಲ್ಕಿ, ಪಡುಬಿದ್ರಿ ದಾಟಿ ಉಡುಪಿ ಕಡೆಗೆ ಹೋಗುವಾಗ ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡುತ್ತಿತ್ತು.

ಸಲಹೆಗಳಿಗೆ ಬರವೇ? ಒಬ್ಬರು "ಉಪ್ಪು ಗಾಳಿ ಮಾರಾಯ್ರೆ" ಎಂದರು. ನಮ್ಮೂರಲ್ಲಿ ಟಿವಿ ಕೆಟ್ಟರೂ ಉಪ್ಪು ಗಾಳಿ, ಗೇಟು ಕಿರುಗುಟ್ಟಿದರೂ ಉಪ್ಪು ಗಾಳಿ. ಪಕ್ಕದ ಮನೆಯವರು ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ತಂದೇ ಬಿಟ್ಟರು, ದೃಷ್ಟಿಯಾಗಿದೆ ಅಂತ. ಹತ್ತು ವರ್ಷ ಹಳೆಯ, ಬಾಗಿಲಲ್ಲಿ ಎರಡು ಕಡೆ ತಗ್ಗಾದ ಕಾರಿಗೆ ದೃಷ್ಟಿ ಹಾಕುವವರು ಯಾರಪ್ಪಾ ಅಂತ ನನಗೆ ಈಗಲೂ ಕುತೂಹಲ.

ನಾನು ವಿಜ್ಞಾನ ಪಾಠ ಮಾಡುವವ, ಹಾಗಾಗಿ ವರ್ಕ್‌ಶಾಪಿಗೆ ಹೋದೆ. ಹುಡುಗ ಸ್ಕ್ಯಾನರ್ ಚುಚ್ಚಿದ. ಪಿ0171 ಅಂತ ಬಂತು. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆ ಆಗುತ್ತಿದೆ ಎನ್ನುವುದು ಅದರ ಅರ್ಥ. "ಆಕ್ಸಿಜನ್ ಸೆನ್ಸರ್ ಹೋಗಿದೆ ಸರ್" ಎಂದ. ಬದಲಾಯಿಸಿದರು. ಎರಡೇ ದಿನ, ದೀಪ ಮತ್ತೆ ಹತ್ತಿತು. ನಿಂಬೆಹಣ್ಣಿನವರಿಗೂ ಸ್ಕ್ಯಾನರಿನವರಿಗೂ ವ್ಯತ್ಯಾಸ ಅಂದರೆ ಬಿಲ್ಲು ಮಾತ್ರ.

ಈ ತಪ್ಪು ಎಷ್ಟು ಸಾಮಾನ್ಯ ಅಂದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಸ್ಕ್ಯಾನರ್ ಯಾವ ಪಾರ್ಟು ಬದಲಾಯಿಸಬೇಕು ಅಂತ ಹೇಳುವ ಯಂತ್ರ ಅಲ್ಲ. ಸೆನ್ಸರ್ ಏನು ಕಂಡಿತೋ ಅದನ್ನು ಒಪ್ಪಿಸುತ್ತದೆ, ಅಷ್ಟೇ. ಅಂಗಳಕ್ಕೆ ಕಳ್ಳ ಬಂದ ಅಂತ ನಾಯಿ ಬೊಗಳಿತು, ನಾವು ನಾಯಿಯನ್ನೇ ಬದಲಾಯಿಸಿದೆವು. ಹೊಸ ನಾಯಿಯೂ ಬೊಗಳಿತು.

ಕಳ್ಳ ಯಾರು? ಗಾಳಿ. ಲೆಕ್ಕಕ್ಕೆ ಸಿಗದೆ ಒಳಗೆ ನುಗ್ಗಿದ ಗಾಳಿ.

ಒಂದು ಮದುವೆ ಊಟ ನೆನೆಸಿಕೊಳ್ಳಿ. ಹಾಲಿನ ಗೇಟಿನಲ್ಲಿ ಒಬ್ಬ ನಿಂತು ಬಂದವರನ್ನು ಎಣಿಸುತ್ತಾನೆ, ಅಡಿಗೆಯವರು ಆ ಲೆಕ್ಕಕ್ಕೆ ಸರಿಯಾಗಿ ಬಡಿಸುತ್ತಾರೆ. ಗೇಟಿನವ 150 ಅಂದ. ಆದರೆ ಹಿಂಬಾಗಿಲಿನಿಂದ 50 ಜನ ಬಂದು ಕೂತಿದ್ದಾರೆ. ಕೈ ತೊಳೆಯುವ ಜಾಗದಲ್ಲಿ ಇನ್ನೊಬ್ಬ ನಿಂತಿದ್ದಾನೆ. ಅವನಿಗೆ ಹಿಂಬಾಗಿಲು ಕಾಣುವುದಿಲ್ಲ, ಹೊಟ್ಟೆ ತುಂಬದೆ ಹೊರಟವರು ಮಾತ್ರ ಕಾಣುತ್ತಾರೆ. "ಊಟ ಸಾಲ್ತಾ ಇಲ್ಲ, ಜಾಸ್ತಿ ಹಾಕಿ" ಅಂತ ಕೂಗುತ್ತಾನೆ. ಇಂಜಿನ್ನಿನಲ್ಲಿ ಗೇಟಿನವ ಅಂದರೆ ಗಾಳಿ ಅಳೆಯುವ ಸೆನ್ಸರ್. ಊಟ ಅಂದರೆ ಪೆಟ್ರೋಲ್. ಕೈ ತೊಳೆಯುವಲ್ಲಿ ನಿಂತವನೇ ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್. ಉರಿಯದೆ ಉಳಿದ ಆಮ್ಲಜನಕವೇ ಹಸಿದುಕೊಂಡು ಹೊರಟ ನೆಂಟರು. 1 ಗ್ರಾಂ ಪೆಟ್ರೋಲಿಗೆ ಸುಮಾರು 14.7 ಗ್ರಾಂ ಗಾಳಿ ಎನ್ನುವುದು ಇಲ್ಲಿನ ಪಂಕ್ತಿಯ ಲೆಕ್ಕ. ಎಥನಾಲ್ ಬೆರೆತಿದ್ದರೆ ಸ್ವಲ್ಪ ಕಡಿಮೆ ಗಾಳಿ ಸಾಕು. ಕೂಗು ಕೇಳಿದ ಕಂಪ್ಯೂಟರ್ ಪೆಟ್ರೋಲ್ ಜಾಸ್ತಿ ಮಾಡುತ್ತಾ ಹೋಗುತ್ತದೆ. ಸುಮಾರು 25 ಶೇಕಡಾ ಜಾಸ್ತಿ ಮಾಡಿದರೂ ಸಾಲದು ಅಂತಾದರೆ ಕೈ ಚೆಲ್ಲಿ ಹಳದಿ ದೀಪ ಹಚ್ಚುತ್ತದೆ.

ಹೈವೇಯಲ್ಲಿ ಯಾಕೆ ಸರಿ ಇತ್ತು? 1200 ಜನ ಉಂಡ ಮದುವೆಯಲ್ಲಿ ಅದೇ 50 ಜನ ಯಾರ ಗಮನಕ್ಕೂ ಬರುವುದಿಲ್ಲ.

ಇದು ಸುಮ್ನೆ ಹೋಲಿಕೆ ಅಲ್ಲ, ಲೆಕ್ಕ ಹಾಕಿಯೇ ಹೇಳುತ್ತಿದ್ದೇನೆ. ನಮ್ಮ 1.2 ಲೀಟರ್ ಇಂಜಿನ್ ನಿಂತಲ್ಲೇ ಓಡುವಾಗ ಸೆಕೆಂಡಿಗೆ ಸುಮಾರು 2 ಗ್ರಾಂ ಗಾಳಿ ಎಳೆಯುತ್ತದೆ. ಆಗ ಗಾಳಿ ಒಳಗೆ ಬಿಡುವ ಬಾಗಿಲು, ಅಂದರೆ ಥ್ರಾಟಲ್, ಬಹುತೇಕ ಮುಚ್ಚಿರುತ್ತದೆ, ಆದ್ದರಿಂದ ಅದರ ಹಿಂದಿನ, ಸಿಲಿಂಡರುಗಳಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ಒತ್ತಡ ಹೊರಗಿನ ಮೂರನೇ ಒಂದು ಭಾಗದಷ್ಟಕ್ಕೆ ಇಳಿದಿರುತ್ತದೆ. ಸಮುದ್ರ ಮಟ್ಟದಲ್ಲಿರುವ ಮಂಗಳೂರಿನಲ್ಲಿ ಹೊರಗಿನ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರದಷ್ಟು ಒತ್ತುತ್ತದೆ. ಇಷ್ಟು ವ್ಯತ್ಯಾಸ ಇರುವಾಗ ಎಲ್ಲಾದರೂ 2 ಮಿಲಿಮೀಟರ್ ತೂತು ಬಿದ್ದರೆ ಗಾಳಿ ಶಬ್ದದ ವೇಗದಲ್ಲಿ ನುಗ್ಗುತ್ತದೆ. ಹೌದು, ಶಬ್ದದ ವೇಗ, ಸೆಕೆಂಡಿಗೆ 300 ಮೀಟರಿಗೂ ಮೇಲೆ, ಅದೂ ರಬ್ಬರ್ ಪೈಪಿನ ಒಂದು ಬಿರುಕಿನಲ್ಲಿ!

ಇಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಸಂಗತಿ ಇದೆ, ಅವಸರ ಇದ್ದವರು ಒಂದು ಪ್ಯಾರಾ ಹಾರಿಸಬಹುದು. ಒಳಗಿನ ಒತ್ತಡ ಹೊರಗಿನದರ 53 ಶೇಕಡಾಕ್ಕಿಂತ ಕೆಳಗಿಳಿದ ಮೇಲೆ, ಇನ್ನೆಷ್ಟೇ ಇಳಿಸಿದರೂ ತೂತಿನಲ್ಲಿ ಬರುವ ಗಾಳಿ ಹೆಚ್ಚಾಗುವುದಿಲ್ಲ. ಯಾಕೆಂದರೆ "ಒಳಗೆ ಜಾಗ ಇದೆ, ಬನ್ನಿ" ಎನ್ನುವ ಸುದ್ದಿ ಹೊರಗಿನ ಗಾಳಿಗೆ ಮುಟ್ಟುವುದೇ ಶಬ್ದದ ವೇಗದಲ್ಲಿ. ಗಾಳಿ ಅದೇ ವೇಗದಲ್ಲಿ ಎದುರಿಗೆ ಬರುತ್ತಿದ್ದರೆ ಸುದ್ದಿ ಮೇಲಕ್ಕೆ ಹೋಗುವುದಾದರೂ ಹೇಗೆ? ನೆರೆ ಬಂದ ನೇತ್ರಾವತಿಯಲ್ಲಿ ಎದುರು ಈಜುವವನ ಹಾಗೆ, ಕೈಕಾಲು ಬಡಿಯುತ್ತಾನೆ, ನಿಂತಲ್ಲೇ ಇರುತ್ತಾನೆ. ಕೂಳೂರು ಸೇತುವೆಯಲ್ಲಿ ಸಂಜೆ ಸಿಕ್ಕಿಬಿದ್ದವರಿಗೆ ಇನ್ನೂ ಬೇಗ ಅರ್ಥವಾದೀತು: ಆಚೆ ರಸ್ತೆ ಖಾಲಿ ಇದೆ ಅಂತ ಈಚೆಯವರ ವೇಗ ಹೆಚ್ಚುತ್ತದಾ? ಹಾಗಾಗಿ 2 ಮಿಲಿಮೀಟರ್ ತೂತು ಸೆಕೆಂಡಿಗೆ ಸುಮಾರು ಅರ್ಧ ಗ್ರಾಂ ಎಳೆಯುತ್ತದೆ, ಅದಕ್ಕಿಂತ ಜಾಸ್ತಿ ಇಲ್ಲ. ನಿಂತಾಗಿನ 2 ಗ್ರಾಮಿನಲ್ಲಿ ಅರ್ಧ ಗ್ರಾಂ ಅಂದರೆ ಕಾಲು ಭಾಗ. ಹೈವೇಯಲ್ಲಿ 10-12 ಗ್ರಾಂ ಎಳೆಯುವಾಗ ನಾಲ್ಕೈದು ಶೇಕಡಾ.

(ಗಾಳಿ ಅಳೆಯುವ ಬದಲು ಮ್ಯಾನಿಫೋಲ್ಡ್ ಒತ್ತಡ ಅಳೆಯುವ ಕಾರುಗಳೂ ಬೇಕಾದಷ್ಟಿವೆ. ಅವುಗಳಲ್ಲಿ ಕಳ್ಳಗಾಳಿಯೂ ಲೆಕ್ಕಕ್ಕೆ ಬಂದುಬಿಡುತ್ತದೆ. ಅಲ್ಲಿ ನಡುಕಕ್ಕಿಂತ ಇಂಜಿನ್ ಸುಮ್ಮಸುಮ್ಮನೆ ಜೋರಾಗಿ ಓಡುವುದೇ ಲಕ್ಷಣ.)

ಸರಿ, ತೂತು ಇದೆ ಅಂತಾಯಿತು. ಎಲ್ಲಿ? ಬಾನೆಟ್ ಎತ್ತಿ ಟಾರ್ಚ್ ಹಾಕಿ ನೋಡಿದರೆ ಕಾಣುವುದಿಲ್ಲ. ನೀರಿನ ಪೈಪ್ ಸೋರಿದರೆ ನೆಲ ಒದ್ದೆಯಾಗುತ್ತದೆ, ಆಯಿಲ್ ಸೋರಿದರೆ ಕಲೆ ಬೀಳುತ್ತದೆ. ಇದು ಹಾಗಲ್ಲ, ಒಳಗೆ ಎಳೆಯುವ ತೂತು. ಬೊಂಡಕ್ಕೆ, ಅಂದರೆ ಎಳನೀರಿಗೆ, ಹಾಕಿದ ಸ್ಟ್ರಾ ಸೀಳಿದ್ದರೆ ಏನಾಗುತ್ತದೆ? ಹೊರಗೆ ಒಂದು ಹನಿಯೂ ಚೆಲ್ಲುವುದಿಲ್ಲ. ಬಾಯಿಗೆ ನೀರು ಬರುವುದಿಲ್ಲ, ಅಷ್ಟೇ. ಸ್ಟ್ರಾ ಎಲ್ಲಿ ಸೀಳಿದೆ ಅಂತ ಗೊತ್ತಾಗಬೇಕಾದರೆ ಹೀರುವುದನ್ನು ಬಿಟ್ಟು ಊದಬೇಕು.

ಆ ಊದುವ ಯಂತ್ರವೇ ಸ್ಮೋಕ್ ಮೆಷಿನ್.

ನನಗೆ ಅದನ್ನು ತೋರಿಸಿದವರು ಬೇರೆ ಒಂದು ಸಣ್ಣ ಗ್ಯಾರೇಜಿನ ಹಿರಿಯ ಮೆಕ್ಯಾನಿಕ್. "ಮಾಷ್ಟ್ರೆ, ಮೊದ್ಲೆಲ್ಲ ಎಂತ ಮೆಷಿನ್, ಬೀಡಿ ಸಾಕಿತ್ತು" ಎಂದರು. ಬೀಡಿ ಎಳೆದು ಹೊಗೆಯನ್ನು ಪೈಪಿಗೆ ಊದುತ್ತಿದ್ದರಂತೆ. ನಗಬೇಡಿ, ಭೌತಶಾಸ್ತ್ರ ಒಂದೇ. ಮೆಷಿನ್ ಒಳಗೆ ಬಿಸಿ ಸುರುಳಿಯ ಮೇಲೆ ಮಿನರಲ್ ಆಯಿಲ್ ಆವಿಯಾಗುತ್ತದೆ, ಆ ಆವಿ ತಂಪಾಗಿ ಸಣ್ಣ ಸಣ್ಣ ಹನಿಯಾಗುತ್ತದೆ, ಅದನ್ನು ತೀರಾ ಮೆಲ್ಲಗೆ ಗಾಳಿಯ ಜೊತೆ ತಳ್ಳುತ್ತಾರೆ. ಒತ್ತಡ ಹೆಚ್ಚೆಂದರೆ 1 ಪಿಎಸ್‌ಐ. ನಾವು ಕೆನ್ನೆ ಉಬ್ಬಿಸಿ ಜೋರಾಗಿ ಊದಿದಷ್ಟು. ಟಯರಿಗೆ ಹಾಕುವುದು 30ರ ಮೇಲೆ, ನೆನಪಿರಲಿ.

ಗದ್ದೆ ಇದ್ದವರಿಗೆ ಇದು ಹೊಸತಲ್ಲ. ಹುಣಿಯಲ್ಲಿ, ಅಂದರೆ ಗದ್ದೆಯ ಬದುವಿನಲ್ಲಿ, ಇಲಿ ಬಿಲ ತೋಡಿದರೆ ಒಂದು ಬಾಯಿಗೆ ಒಣಹುಲ್ಲಿನ ಹೊಗೆ ಹಾಕಿ, ಬೇರೆ ಎಲ್ಲೆಲ್ಲಿ ಹೊಗೆ ಏಳುತ್ತದೆ ಅಂತ ನೋಡುತ್ತಿದ್ದರು. ಅಲ್ಲೆಲ್ಲ ಮಣ್ಣು ಮೆತ್ತುತ್ತಿದ್ದರು. 19ನೇ ಶತಮಾನದ ಇಂಗ್ಲೆಂಡಿನಲ್ಲಿ ಚರಂಡಿ ಪೈಪುಗಳಿಗೂ ಇದನ್ನೇ ಮಾಡಿದರು. ಕೊಳಚೆಯ ಕೆಟ್ಟ ಗಾಳಿಯಿಂದಲೇ ರೋಗ ಬರುತ್ತದೆ ಅಂತ ಆಗ ನಂಬಿದ್ದರು. ಲಂಡನ್ನಿನಲ್ಲಿ ಕಾಲರಾ ನೀರಿನಿಂದ ಹರಡುತ್ತಿದೆ ಅಂತ ಜಾನ್ ಸ್ನೋ 1854ರಲ್ಲೇ ತೋರಿಸಿದ್ದರೂ ಆ ನಂಬಿಕೆ ಬೇಗ ಹೋಗಲಿಲ್ಲ. ನಂಬಿಕೆ ತಪ್ಪು, ಆದರೆ ಪರೀಕ್ಷೆ ಪಕ್ಕಾ. ಹೊಗೆ ಇಲ್ಲದಿದ್ದರೆ ಪೆಪ್ಪರ್‌ಮಿಂಟ್ ಎಣ್ಣೆ. ಒಬ್ಬ ಮಾಡಿನ ಮೇಲೆ ಹತ್ತಿ ಪೈಪಿಗೆ ಅದನ್ನೂ ಬಿಸಿನೀರನ್ನೂ ಸುರಿಯುವುದು, ಇನ್ನೊಬ್ಬ ಕೋಣೆ ಕೋಣೆಗೆ ಹೋಗಿ ಮೂಸುವುದು. ಸುರಿದವ ಮಾತ್ರ ಮನೆಯೊಳಗೆ ಕಾಲಿಡುವ ಹಾಗಿಲ್ಲ, ಅವನ ಕೈಯೇ ಘಮಘಮ!

ಹಾಗಾದರೆ ನೀರಿನ ಹಬೆ ಯಾಕೆ ಆಗದು? ಇಡ್ಲಿ ಬೇಯಿಸುವ ತೊಂದೂರಿನ ಮುಚ್ಚಳದ ಸಂದಿಯಿಂದ ಬರುವ ಹಬೆ ಒಂದು ಗೇಣು ಮೇಲೆ ಹೋಗಿ ಮಾಯವಾಗುತ್ತದೆ. ಮತ್ತೆ ಗಾಳಿಯಲ್ಲಿ ಕರಗಿಬಿಡುತ್ತದೆ. ತಣ್ಣಗಿನ ಲೋಹ ಮುಟ್ಟಿದರೆ ಅಲ್ಲೇ ನೀರಾಗುತ್ತದೆ, ಇಂಜಿನ್ ಒಳಗೆ ನೀರು ಯಾರಿಗೆ ಬೇಕು? ಎಣ್ಣೆಯ ಹನಿ ಹಾಗೆ ಸುಲಭಕ್ಕೆ ಆರುವುದಿಲ್ಲ. ಅದರ ಗಾತ್ರ ಸುಮಾರು 0.3 ಮೈಕ್ರಾನ್, ಅಂದರೆ ಮಿಲಿಮೀಟರಿನ ಸುಮಾರು ಮೂರು ಸಾವಿರದಲ್ಲಿ ಒಂದು ಪಾಲು. ಇಷ್ಟು ಸಣ್ಣ ಹನಿ ನಿಂತ ಗಾಳಿಯಲ್ಲಿ ಗಂಟೆಗೆ ಒಂದೆರಡು ಸೆಂಟಿಮೀಟರ್ ಕೆಳಗಿಳಿದರೆ ಹೆಚ್ಚು. ಬೆಳಕಿನ ಅಲೆಯ ಉದ್ದ 0.4ರಿಂದ 0.7 ಮೈಕ್ರಾನ್. ಹನಿಯೂ ಅಲೆಯೂ ಹೆಚ್ಚುಕಡಿಮೆ ಒಂದೇ ಅಳತೆಯಾದ್ದರಿಂದ ಹನಿ ಬೆಳಕನ್ನು ಚೆನ್ನಾಗಿ ಚದುರಿಸುತ್ತದೆ. ಹಂಚಿನ ಮನೆಯಲ್ಲಿ ಬೆಳೆದವರು ನೋಡಿಯೇ ಇರುತ್ತೀರಿ. ಮಾಡಿನಲ್ಲಿ ಒಂದು ಗಾಜಿನ ಹಂಚು, ಅದರಿಂದ ಅಡಿಗೆ ಮನೆಗೆ ಇಳಿಯುವ ಬಿಸಿಲು. ಒಲೆ ಹೊತ್ತಿಸುವ ತನಕ ನೆಲದ ಮೇಲೆ ಒಂದು ಬೆಳಕಿನ ಚೌಕ ಮಾತ್ರ. ಹೊಗೆ ಏಳುತ್ತಲೇ ನೆಲದಿಂದ ಮಾಡಿಗೆ ಓರೆಯಾಗಿ ಒಂದು ಕಂಬ ನಿಲ್ಲುತ್ತದೆ. ಇದು ಟಿಂಡಾಲ್ ಪರಿಣಾಮ. ಗ್ಯಾರೇಜಿನಲ್ಲಿ ಟಾರ್ಚ್ ಹಿಡಿಯುವುದು ಇದೇ ಕಾರಣಕ್ಕೆ.

ಹಿರಿಯರು ಮೊದಲು ಮಾಡಿದ ಕೆಲಸ ಶಟರ್ ಎಳೆದದ್ದು, ಆಮೇಲೆ ಫ್ಯಾನ್ ಆಫ್ ಮಾಡಿದ್ದು. ಮಧ್ಯಾಹ್ನದ ಕಡಲ ಗಾಳಿ ಒಳಗೆ ಬಂದರೆ ಹೊಗೆ ಎಲ್ಲಿಂದ ಬಂತು ಅಂತ ದೇವರಿಗೂ ತಿಳಿಯದು. ಇಂಜಿನ್ ಆಫ್. ಏರ್ ಫಿಲ್ಟರ್ ಕಡೆಯ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದರು. ಮ್ಯಾನಿಫೋಲ್ಡಿನಿಂದ ಬ್ರೇಕ್ ಬೂಸ್ಟರಿಗೆ ಹೋಗುವ ಪೈಪ್ ಬಿಚ್ಚಿ ಅಲ್ಲಿಂದ ಹೊಗೆ ಬಿಟ್ಟರು. ಪ್ಲಾಸ್ಟಿಕ್ಕಿನ ಒಂದು ಮೂಲೆ ಸ್ವಲ್ಪ ತೆರೆದಿಟ್ಟು, ಅಲ್ಲಿ ದಟ್ಟ ಹೊಗೆ ಬಂದ ಮೇಲೆ ಅದನ್ನೂ ಮುಚ್ಚಿದರು. ಇಲ್ಲದಿದ್ದರೆ ಒಳಗೆ ಉಳಿದ ಬರೀ ಗಾಳಿ ಮೊದಲು ಸೋರುತ್ತದೆ, ನಾವು ತೂತಿಲ್ಲ ಅಂತ ಮೋಸ ಹೋಗುತ್ತೇವೆ.

ಒಂದು ನಿಮಿಷ ಏನೂ ಇಲ್ಲ. ಆಮೇಲೆ ಸೈಲೆನ್ಸರ್ ತುದಿಯಲ್ಲಿ ತೆಳ್ಳಗೆ ಹೊಗೆ ಕಂಡಿತು. "ಸಿಕ್ಕಿತು!" ಅಂತ ಕೂಗಿದೆ. ಅವರು ತಲೆಯೂ ಎತ್ತಲಿಲ್ಲ. "ಅದು ಲೀಕ್ ಅಲ್ಲ ಮಾಷ್ಟ್ರೆ. ಯಾವುದೋ ವಾಲ್ವ್ ತೆರೆದು ನಿಂತಿದೆ, ಅಷ್ಟೆ." ಸರಿ ತಾನೆ. ಇಂಜಿನ್ ನಿಲ್ಲುವಾಗ ಒಂದು ಸಿಲಿಂಡರಿನಲ್ಲಿ ಎರಡೂ ವಾಲ್ವ್ ಅರೆತೆರೆದು ನಿಂತಿದ್ದರೆ ಹೊಗೆ ಆ ದಾರಿ ಹಿಡಿಯುತ್ತದೆ. ಇಂಜಿನ್ನನ್ನು ಕೈಯಲ್ಲಿ ಸ್ವಲ್ಪ ತಿರುಗಿಸಿದರು, ಆ ಹೊಗೆ ನಿಂತಿತು. ಆಗ ಮ್ಯಾನಿಫೋಲ್ಡಿನ ಅಡಿಯಿಂದ, ಕೈಯೂ ಸರಿಯಾಗಿ ಹೋಗದ ಜಾಗದಿಂದ, ಅಗರಬತ್ತಿಯ ಹಾಗೆ ಒಂದೇ ಒಂದು ಎಳೆ ಬಳುಕುತ್ತಾ ಮೇಲೆ ಬಂತು. ಇಂಜಿನ್ ಒಳಗಿನ ಆವಿಯನ್ನು ಮ್ಯಾನಿಫೋಲ್ಡಿಗೆ ತರುವ ಪಿಸಿವಿ ಪೈಪಿನ ಮೊಣಕೈ. ರಬ್ಬರ್ ಮುಟ್ಟಿದರೆ ಒಂದು ಕಡೆ ಗಟ್ಟಿ, ಇನ್ನೊಂದು ಕಡೆ ಎಣ್ಣೆಗೆ ಊದಿ ಮೆತ್ತಗೆ. ಬಗ್ಗಿಸಿದರೆ ಬಿರುಕು ಬಾಯಿ ಬಿಡುತ್ತದೆ, ಬಿಟ್ಟರೆ ಮುಚ್ಚುತ್ತದೆ. ಶಾಖ ಮತ್ತು ಎಣ್ಣೆಯ ಕೆಲಸ. ಉಪ್ಪು ಗಾಳಿ ಕಬ್ಬಿಣ ತಿನ್ನುತ್ತದೆ ನಿಜ, ಈ ರಬ್ಬರನ್ನು ತಿಂದದ್ದು ಅದಲ್ಲ.

ಪೈಪಿನ ಬೆಲೆ ಸೆನ್ಸರಿನ ಬಿಲ್ಲಿನಲ್ಲಿ ಚಿಲ್ಲರೆ. ಹಾಕಿ ಸ್ಟಾರ್ಟ್ ಮಾಡಿದಾಗ ಸ್ಕ್ಯಾನರಿನಲ್ಲಿ 20 ದಾಟಿ ಕುಳಿತಿದ್ದ ಹೆಚ್ಚುವರಿ ಪೆಟ್ರೋಲಿನ ಅಂಕಿ ನೋಡನೋಡುತ್ತಾ ಇಳಿದು ಎರಡು ಮೂರಕ್ಕೆ ಬಂತು. ಹಳೆ ಸೆನ್ಸರನ್ನು ಮನೆಯಲ್ಲಿ ಇಟ್ಟುಕೊಂಡಿದ್ದೇನೆ, ಪಾಪ.

ಯೂಟ್ಯೂಬ್ ನೋಡಿ ಪೇಂಟ್ ಡಬ್ಬಿ, ಡೀಸೆಲ್ ಗಾಡಿಯ ಗ್ಲೋ ಪ್ಲಗ್, ಬೇಬಿ ಆಯಿಲ್ ಸೇರಿಸಿ ಮನೆಯಲ್ಲೇ ಮೆಷಿನ್ ಮಾಡುವವರಿಗೆ ಒಂದು ಮಾತು. ಅದನ್ನು ಪೆಟ್ರೋಲ್ ಟ್ಯಾಂಕಿನ ಕಡೆಗೆ ಮಾತ್ರ ಒಯ್ಯಬೇಡಿ. ಟ್ಯಾಂಕಿನ ಆವಿ ಹೊರಗೆ ಹೋಗದ ಹಾಗೆ ಇದ್ದಿಲಿನ ಡಬ್ಬಿಯೊಂದು ಹಿಡಿದಿಟ್ಟುಕೊಳ್ಳುತ್ತದೆ. ನಮ್ಮ ತೆಂಗಿನ ಗೆರಟೆಯಿಂದಲೂ ಇಂಥ ಇದ್ದಿಲು ಮಾಡುತ್ತಾರೆ, ಕಾರಿಗೆ ಮರದ್ದೇ ಜಾಸ್ತಿ. ಒಂದು ಗ್ರಾಮಿನ ಒಳಮೈ ಹರಡಿದರೆ 1000 ಚದರ ಮೀಟರ್! ಈ ಆವಿಯ ದಾರಿಯಲ್ಲಿ ಅಮೆರಿಕದಲ್ಲಿ 1996ರಿಂದ 1 ಮಿಲಿಮೀಟರ್, ಅಲ್ಲಿನ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ 2000ದಿಂದ ಅರ್ಧ ಮಿಲಿಮೀಟರ್ ತೂತನ್ನೂ ಕಾರೇ ಕಂಡುಹಿಡಿಯಬೇಕು ಅಂತ ನಿಯಮ ಬಂತು, ಸ್ಮೋಕ್ ಮೆಷಿನ್‌ಗೆ ಬೇಡಿಕೆ ಬಂದದ್ದರಲ್ಲಿ ಅದರ ಪಾಲು ದೊಡ್ಡದು. ಟ್ಯಾಂಕಿನ ಕಡೆಗೆ ಒಂದು ಅಡಿ ನೀರಿನಷ್ಟು ಒತ್ತಡ ಸಾಕು, ಅದೂ ಗಾಳಿ ಅಲ್ಲ, ನೈಟ್ರೋಜನ್. ಪೆಟ್ರೋಲ್ ಆವಿ, ಗಾಳಿ, ಕೆಂಡದಂಥ ಗ್ಲೋ ಪ್ಲಗ್, ಮೂರೂ ಒಟ್ಟಿಗೆ ಸೇರಿದರೆ ಏನಾಗುತ್ತದೆ ಅಂತ ಬರೆಯಬೇಕಾಗಿಲ್ಲ ಅಲ್ವಾ.

ಇದನ್ನೆಲ್ಲ ಕೇಳಿದ ಪಕ್ಕದ ಮನೆಯವರು ತಮ್ಮ ಡೀಸೆಲ್ ಗಾಡಿಯನ್ನೂ ಅದೇ ಗ್ಯಾರೇಜಿಗೆ ಒಯ್ದರು. ಪಿಕಪ್ ಇಲ್ಲ, ಎತ್ತರ ಹತ್ತುವಾಗ ಕಪ್ಪು ಹೊಗೆ. ಅಲ್ಲಿ ಕಥೆ ತಿರುಗಾಮುರುಗಾ. ಟರ್ಬೊ ಒತ್ತಿ ತುಂಬಿದ ಗಾಳಿ ಹೊರಗೆ ಸೋರುತ್ತದೆ. 1 ಪಿಎಸ್‌ಐಯಲ್ಲಿ ಹೊಗೆ ಹಾಕಿದರೆ ಏನೂ ಕಾಣಲಿಲ್ಲ, ಟರ್ಬೊ ಕೊಡುವುದು ಅದರ ಹತ್ತಾರು ಪಟ್ಟು ಒತ್ತಡ. ಅದಕ್ಕೇ ಇರುವ ಅಡಾಪ್ಟರ್ ಹಾಕಿ 10ರ ತನಕ ಏರಿಸಿದಾಗ ಆ ಗಾಳಿಯನ್ನು ತಂಪು ಮಾಡುವ ಇಂಟರ್‌ಕೂಲರ್ ಪೈಪಿನ ಕ್ಲಿಪ್ಪಿನ ಬುಡದಿಂದ ಬುಸ್ ಎಂದು ಬಂತು. ಕ್ಲಿಪ್ ಬದಲಾಯಿಸಿ ಬಿಗಿ ಮಾಡಿದರು. ನಿಂಬೆಹಣ್ಣು ಬಂಪರಿನಲ್ಲಿ ಹಾಗೇ ಇದೆ. ಗಾಡಿ ಸರಿಯಾದದ್ದು ಅದರಿಂದ ಅಂತ ಅವರ ಮನೆಯಲ್ಲಿ ಇನ್ನೂ ವಾದ ಉಂಟು.