ಹಿಮದಡಿ ಮಲಗುವ ಪಾಸಮ್, ಬಯಲಿನಿಂದ ಬರುವ ಪತಂಗ

1966ರ ಆಗಸ್ಟ್. ಆಸ್ಟ್ರೇಲಿಯಾದಲ್ಲಿ ಆಗ ಕಡು ಚಳಿಗಾಲ. ವಿಕ್ಟೋರಿಯಾ ರಾಜ್ಯದ ಮೌಂಟ್ ಹೋಥಮ್ ಬೆಟ್ಟದಲ್ಲಿ, ಸ್ಕೀ ಆಡಲು ಬಂದವರು ತಂಗುವ ಮನೆಯೊಂದರಲ್ಲಿ ಪುಟ್ಟ ಪ್ರಾಣಿಯೊಂದು ಸಿಕ್ಕಿತು. ನೋಡಲು ಇಲಿಯ ಹಾಗೆ. ಬೂದು ಮೈ, ದೊಡ್ಡ ಕಪ್ಪು ಕಣ್ಣು, ಮೈಗಿಂತ ಉದ್ದದ ಬೋಳು ಬಾಲ. ತೂಕ ಸುಮಾರು 45 ಗ್ರಾಂ, ಒಂದು ಕೋಳಿಮೊಟ್ಟೆಗಿಂತ ಕಡಿಮೆ. ಇಲಿ ಇರಬೇಕು ಅಂತ ಸುಮ್ನೆ ಆಚೆ ಬಿಟ್ಟಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅದೃಷ್ಟಕ್ಕೆ ಅದು ಪ್ರಾಣಿಗಳನ್ನು ಬಲ್ಲವರ ಕೈಗೆ ತಲುಪಿತು.

ಅವರಿಗೆ ಆ ಪ್ರಾಣಿಯ ಹೆಸರು ಮೊದಲೇ ಗೊತ್ತಿತ್ತು, ಆದರೆ ಕಲ್ಲಾಗಿ ಹೋದ ಮೂಳೆಗಳಿಂದ ಮಾತ್ರ. 1895ರಲ್ಲಿ ರಾಬರ್ಟ್ ಬ್ರೂಮ್ ಎಂಬ ವೈದ್ಯರು ನ್ಯೂ ಸೌತ್ ವೇಲ್ಸ್‌ನ ವೊಂಬೆಯನ್ ಗುಹೆಗಳ ಬಳಿ ಸಿಕ್ಕ ಪಳೆಯುಳಿಕೆಯನ್ನು ನೋಡಿ ಅದಕ್ಕೆ ಬರಮಿಸ್ ಪಾರ್ವಸ್ ಎಂದು ಹೆಸರಿಟ್ಟಿದ್ದರು. ಅದರ ಒಂದು ದವಡೆಹಲ್ಲು ವಿಚಿತ್ರವಾಗಿತ್ತು. ಮೈಗೆ ಹೋಲಿಸಿದರೆ ತುಂಬಾ ದೊಡ್ಡದು, ಮೇಲಿಂದ ಕೆಳಗೆ ಗೀರು ಗೀರು. ಗಟ್ಟಿ ಬೀಜ ಒಡೆಯಲು, ಹುಳುವಿನ ಚಿಪ್ಪು ಸೀಳಲು ಹೇಳಿ ಮಾಡಿಸಿದ ಹಾಗಿತ್ತು. ಎಂದೋ ಅಳಿದುಹೋದ ಜೀವಿ ಅಂದುಕೊಂಡಿದ್ದದ್ದು, ಎಪ್ಪತ್ತು ವರ್ಷದ ಮೇಲೆ ಅದೇ ಹಲ್ಲು ಹೊತ್ತುಕೊಂಡು ಜೀವಂತವಾಗಿ ಎದುರು ನಿಂತಿತ್ತು. ಇದನ್ನೇ ಈಗ ಬೆಟ್ಟದ ಪಿಗ್ಮಿ ಪಾಸಮ್ ಎನ್ನುತ್ತಾರೆ. ಕಾಂಗರೂವಿನ ಹಾಗೆ ಇದೂ ಹೊಟ್ಟೆಚೀಲದ ಪ್ರಾಣಿ.

ಸಿಕ್ಕಿತೇನೋ ಸರಿ, ಇದು ಬದುಕುವುದು ಎಲ್ಲಿ? ಹುಡುಕುತ್ತಾ ಹೋದವರಿಗೆ ಉತ್ತರ ಸಿಕ್ಕಿದ್ದು ಬೆಟ್ಟದ ತುದಿಯ ಬಂಡೆರಾಶಿಗಳಲ್ಲಿ. ಆಸ್ಟ್ರೇಲಿಯಾದ ಸಸ್ತನಿಗಳಲ್ಲಿ ಹುಟ್ಟಿನಿಂದ ಸಾವಿನವರೆಗೂ ಹಿಮ ಬೀಳುವ ಎತ್ತರದಲ್ಲೇ ಇರುವುದು ಇದೊಂದೇ. ನ್ಯೂ ಸೌತ್ ವೇಲ್ಸ್‌ನ ಕೊಸ್ಸಿಯುಸ್ಕೊ ಒಂದು, ವಿಕ್ಟೋರಿಯಾದ ಹೋಥಮ್ ಮತ್ತು ಬೋಗಾಂಗ್ ಎತ್ತರದ ಬಯಲು ಇನ್ನೊಂದು, ಅಲ್ಲಿಯದೇ ಮೌಂಟ್ ಬುಲ್ಲರ್ ಮತ್ತೊಂದು, ಹೀಗೆ ಮೂರು ಕಡೆ ಬಿಟ್ಟರೆ ಇನ್ನೆಲ್ಲೂ ಇಲ್ಲ. ಚಳಿಗಾಲ ಬಂದರೆ ಬಂಡೆಗಳ ಸಂದಿಗೆ ಇಳಿದು, ಚೆಂಡಿನ ಹಾಗೆ ಮುದುಡಿ, ಏಳು ತಿಂಗಳವರೆಗೂ ಮಲಗುತ್ತದೆ. ಆಗ ಮೈಯ ಬಿಸಿ 2 ಡಿಗ್ರಿಯ ಹತ್ತಿರಕ್ಕೆ ಇಳಿಯುತ್ತದೆ. ಮೇಲೆ ಬಿದ್ದ ಹಿಮವೇ ಅದಕ್ಕೆ ಕಂಬಳಿ. ಹಿಮ ಕಡಿಮೆಯಾದರೆ ಕೆಳಗಿನ ಚಳಿ ಜಾಸ್ತಿಯಾಗುತ್ತದೆ. ಕೇಳಲು ವಿಚಿತ್ರ, ಆದರೆ ಬಿಸಿಯಾಗುತ್ತಿರುವ ಭೂಮಿಯಲ್ಲಿ ಈ ಪ್ರಾಣಿ ಚಳಿಗೆ ಸಾಯಬಹುದು.

ತೊಂದರೆ ಕಂಡದ್ದು ಮೊದಲು ಹೋಥಮ್‌ನಲ್ಲೇ. ಹೆಣ್ಣುಗಳು ಮೇಲಿನ ಒಳ್ಳೆಯ ಬಂಡೆರಾಶಿಗಳಲ್ಲಿ ಇರುತ್ತವೆ. ಗಂಡುಗಳು ಬೆದೆಯ ಕಾಲಕ್ಕೆ ಮೇಲೆ ಹತ್ತಿ, ಮುಗಿದ ಮೇಲೆ ಕೆಳಗಿಳಿದು ಹೋಗುತ್ತವೆ. ಹೋಗಲೇಬೇಕು, ಯಾಕೆಂದರೆ ಇರುವ ಊಟ ಇಬ್ಬರಿಗೂ ಸಾಲದು. ಆದರೆ ನಡುವೆ ರಸ್ತೆ ಬಂದಿತ್ತು, ಸ್ಕೀ ಇಳಿಜಾರುಗಳು ಬಂದಿದ್ದವು. ಗಂಡುಗಳು ಮೇಲೆಯೇ ಉಳಿದವು. ಚಳಿಗಾಲ ದಾಟಿ ಬದುಕುವ ಹೆಣ್ಣುಗಳು ಕಡಿಮೆಯಾದವು. ಇಯಾನ್ ಮ್ಯಾನ್ಸರ್ ಮತ್ತು ಡೇವಿಡ್ ಸ್ಕಾಟ್ಸ್ ಎಂಬ ಸಂಶೋಧಕರು ಇದನ್ನು ಗುರುತಿಸಿದರು. 1980ರ ದಶಕದ ನಡುವೆ ಬೆಟ್ಟದ ಇಳಿಜಾರಿನಲ್ಲಿ ಕಲ್ಲು ಸುರಿದ ಒಂದು ದಾರಿ ಮಾಡಿ, ರಸ್ತೆಯ ಅಡಿಯಲ್ಲಿ ಸುರಂಗ ಕೊರೆಸಲಾಯಿತು. ಜನ ಅದಕ್ಕೆ ಪ್ರೇಮ ಸುರಂಗ ಅಂತ ಹೆಸರಿಟ್ಟರು. ನಿಜ ಹೇಳಬೇಕೆಂದರೆ ಅದು ಅಗಲಿ ಹೋಗುವ ದಾರಿ. ಗಂಡುಗಳು ಅದರಲ್ಲಿ ಇಳಿದು ಹೋದವು, ಹೆಣ್ಣುಗಳು ಮತ್ತೆ ಚಳಿಗಾಲ ದಾಟಿದವು. ಇಷ್ಟು ಸಣ್ಣ ಪ್ರಾಣಿಗೋಸ್ಕರ ರಸ್ತೆ ಅಗೆದರಲ್ಲ, ಅದು ನನಗೆ ಬಹಳ ದೊಡ್ಡ ಕೆಲಸ ಅನ್ನಿಸುತ್ತದೆ.

ಬುಲ್ಲರ್‌ನ ಗೋಳು ಬೇರೆ. ಅಲ್ಲಿ ಈ ಪಾಸಮ್ ಇರುವುದು ಗೊತ್ತಾದದ್ದೇ 1996ರಲ್ಲಿ. ಹತ್ತು ವರ್ಷ ಕಳೆಯುವಷ್ಟರಲ್ಲಿ ಬೆರಳೆಣಿಕೆಗೆ ಬಂದಿತ್ತು. ಹೊರಗಿನ ರಕ್ತವೇ ಇಲ್ಲದೆ ಒಳಗೊಳಗೇ ಹುಟ್ಟಿದ ಮರಿಗಳು ಸೊರಗುತ್ತಾ ಹೋದವು. 2010ರ ನಂತರ ಹೋಥಮ್‌ನಿಂದ ಕೆಲವು ಗಂಡುಗಳನ್ನು ಹಿಡಿದು ತಂದು ಬುಲ್ಲರ್‌ನಲ್ಲಿ ಬಿಟ್ಟರು. ಎರಡು ಗುಂಪನ್ನು ಬೆರೆಸಬಾರದು, ಆಯಾ ಜಾಗದ ಗುಣ ಕೆಡುತ್ತದೆ ಎನ್ನುವ ವಾದ ಸಂರಕ್ಷಣೆಯಲ್ಲಿ ಹಳೆಯದು. ಇಲ್ಲಿ ಆ ಭಯ ನಿಜವಾಗಲಿಲ್ಲ. ಬೆರಕೆ ಮರಿಗಳು ದಪ್ಪಗಾದವು, ಹೆಣ್ಣುಗಳು ಹೆಚ್ಚು ಕಾಲ ಬದುಕಿದವು, ಹೆಚ್ಚು ಮರಿ ಹಾಕಿದವು. ಸಂಖ್ಯೆ 1996ರ ನಂತರ ಎಂದೂ ಕಾಣದಷ್ಟು ಏರಿತು.

ಇಲ್ಲಿವರೆಗೂ ಎಲ್ಲ ಪರಿಹಾರ ಬೆಟ್ಟದ ಮೇಲೆಯೇ ಸಿಕ್ಕಿತ್ತು. ಆಮೇಲೆ ಬಂದ ಕಷ್ಟಕ್ಕೆ ಬೆಟ್ಟ ಸಾಲಲಿಲ್ಲ.

ನಿದ್ದೆಯಿಂದ ಎದ್ದ ಪಾಸಮ್‌ಗೆ ಮೊದಲ ಊಟ ಬೋಗಾಂಗ್ ಪತಂಗ. ಕ್ವೀನ್ಸ್‌ಲ್ಯಾಂಡ್‌ನ ದಕ್ಷಿಣದಿಂದ, ನ್ಯೂ ಸೌತ್ ವೇಲ್ಸ್‌ನ ಬಯಲುಗಳಿಂದ ಈ ಪತಂಗಗಳು ವಸಂತದಲ್ಲಿ ರಾತ್ರಿ ಹಾರುತ್ತಾ ಸಾವಿರ ಕಿಲೋಮೀಟರ್‌ವರೆಗೂ ಬರುತ್ತವೆ. ಭೂಮಿಯ ಅಯಸ್ಕಾಂತ ಶಕ್ತಿ, ಆಕಾಶದ ನಕ್ಷತ್ರಗಳು ಎರಡೂ ಅವಕ್ಕೆ ದಾರಿ ತೋರಿಸುತ್ತವೆ. ಬೆಟ್ಟದ ತಂಪು ಗುಹೆಗಳಲ್ಲಿ, ಕಲ್ಲಿನ ಸಂದಿಗಳಲ್ಲಿ ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತು ಬೇಸಿಗೆ ಕಳೆಯುತ್ತವೆ. ಒಂದು ಚದರ ಮೀಟರ್ ಗೋಡೆಯ ಮೇಲೆ 17,000 ಪತಂಗ! ಮೈತುಂಬ ಕೊಬ್ಬು. ಇದರ ರುಚಿ ಪಾಸಮ್‌ಗಿಂತ ಚೆನ್ನಾಗಿ ಗೊತ್ತಿದ್ದವರು ಅಲ್ಲಿನ ಮೂಲನಿವಾಸಿಗಳು. ಗುನೈಕುರ್ನೈ ಜನರ ನೆಲದ ಕ್ಲಾಗ್ಸ್ ಗುಹೆಯಲ್ಲಿ ಸಿಕ್ಕ ಅರೆಯುವ ಕಲ್ಲೊಂದರಲ್ಲಿ ಸುಮಾರು 2,000 ವರ್ಷ ಹಳೆಯ ಪತಂಗದ ಚೂರುಗಳು ಅಂಟಿಕೊಂಡಿದ್ದವು.

2017ರಲ್ಲಿ ಬಯಲಿನಲ್ಲಿ ಬರ ಶುರುವಾಯಿತು. ಪತಂಗದ ಹುಳು ಬೆಳೆಯುವುದು ಅಲ್ಲಿನ ಹಸಿರಿನಲ್ಲಿ. ಹಸಿರಿಲ್ಲ, ಪತಂಗವೂ ಇಲ್ಲ. ಗುಹೆಗಳಲ್ಲಿ ಎಣಿಸಿದವರಿಗೆ ಶೇಕಡಾ 99ಕ್ಕೂ ಹೆಚ್ಚು ಕುಸಿತ ಕಂಡಿತು. ಬರದ ಜೊತೆಗೆ ಮೈದಾನದಲ್ಲಿ ಉಳುಮೆಗೆ ಹೋದ ಜಮೀನು, ಕೀಟನಾಶಕ, ನಗರದ ಬೆಳಕು ಇವೆಲ್ಲದರ ಮೇಲೂ ಅನುಮಾನವಿದೆ. ಮೊದಲ ಮಳೆಗೆ ನಮ್ಮ ಬೀದಿದೀಪಕ್ಕೆ ಮಳೆಹುಳು ಮುತ್ತುವುದನ್ನು ನೋಡಿದ್ದೀರಲ್ವಾ? ಕ್ಯಾನ್‌ಬೆರಾದ ಸಂಸತ್ ಭವನಕ್ಕೆ ಬೋಗಾಂಗ್ ಪತಂಗಗಳು ಹಾಗೇ ಮುತ್ತುತ್ತಿದ್ದವು. ದೀಪಕ್ಕೆ ಸಿಕ್ಕಿಕೊಂಡ ಪತಂಗ ಬೆಟ್ಟ ತಲುಪುವುದಿಲ್ಲ. ಅದಕ್ಕೇ ಮೃಗಾಲಯಗಳನ್ನು ನಡೆಸುವ ಜೂಸ್ ವಿಕ್ಟೋರಿಯಾ ಸಂಸ್ಥೆ ವಸಂತದಲ್ಲಿ ಹೊರಗಿನ ದೀಪ ಆರಿಸಿ ಎಂದು ಜನರನ್ನು ಕೇಳಿತು. ಪತಂಗ ಕಂಡಲ್ಲಿ ಫೋಟೊ ತೆಗೆದು ಕಳಿಸಿ ಎಂದಿತು. 2019-20ರ ಕಾಳ್ಗಿಚ್ಚು ಕೊಸ್ಸಿಯುಸ್ಕೊದ ಬಂಡೆರಾಶಿಗಳ ಸುತ್ತಲಿನ ಪೊದೆಗಳನ್ನು ಸುಟ್ಟಾಗ, ಪತಂಗದ ಬದಲಿಗೆ ಅಂತಲೇ ಮಾಡಿದ ಬಿಸ್ಕತ್ತುಗಳನ್ನೂ ನೀರನ್ನೂ ಸಂಶೋಧಕರು ಕಲ್ಲುಗಳ ನಡುವೆ ಇಟ್ಟು ಬಂದರು. 2021ರಲ್ಲಿ ಪತಂಗವೇ ಅಳಿವಿನಂಚಿನ ಜೀವಿಗಳ ಜಾಗತಿಕ ಪಟ್ಟಿಗೆ ಸೇರಿತು.

ಬಿಸ್ಕತ್ತು ಹಾಕಿ ಎಷ್ಟು ದಿನ ಸಾಕಲಾದೀತು ಎನ್ನುವ ಪ್ರಶ್ನೆ ಇದ್ದೇ ಇದೆ. ಪಳೆಯುಳಿಕೆ ತಜ್ಞ ಮೈಕ್ ಆರ್ಚರ್ ಬೇರೆ ದಾರಿ ಹೇಳುತ್ತಾರೆ. ಪಾಸಮ್‌ನ ಪೂರ್ವಜರು ಕೋಟ್ಯಂತರ ವರ್ಷ ತಗ್ಗಿನ ಮಳೆಕಾಡಿನಲ್ಲಿದ್ದವು, ಆದ್ದರಿಂದ ಕೆಳಗೆ ತಂದು ಬೆಳೆಸಿ ನೋಡೋಣ ಎನ್ನುತ್ತಾರೆ. ನ್ಯೂ ಸೌತ್ ವೇಲ್ಸ್‌ನ ಲಿತ್‌ಗೊ ಊರಿನ ಹತ್ತಿರ ಅದಕ್ಕಾಗಿಯೇ ಒಂದು ಸಾಕಣೆ ಕೇಂದ್ರ ಮಾಡಿದ್ದಾರೆ. ಪ್ರಯತ್ನ ಮಾಡಲೇಬೇಕಾದದ್ದು. ಆದರೆ ಬಯಲಿನ ಪತಂಗವನ್ನು ಉಳಿಸುವ ಕೆಲಸಕ್ಕೆ ಅದು ಬದಲಿಯಾಗಬಾರದು ಎಂದೇ ನನ್ನ ಅನಿಸಿಕೆ.

ಹಿಮ ಕರಗಿದ ಮೇಲೆ ಪ್ರತಿ ವರ್ಷ ಸಂಶೋಧಕರು ಬಂಡೆರಾಶಿ ಹತ್ತುತ್ತಾರೆ. ಕಲ್ಲಿನ ಸಂದಿಯಲ್ಲಿ ಅಲ್ಯೂಮಿನಿಯಂ ಪೆಟ್ಟಿಗೆ ಇಡುತ್ತಾರೆ. ಒಳಗೆ ಒಂದು ಅಕ್ರೋಟು, ರಾತ್ರಿ ಬೆಚ್ಚಗಿರಲಿ ಅಂತ ಒಂದಿಷ್ಟು ಹತ್ತಿ. ಬೆಳಿಗ್ಗೆ ಬಾಗಿಲು ಮುಚ್ಚಿದ್ದರೆ ಪ್ರಾಣಿಯನ್ನು ಮೆಲ್ಲಗೆ ಬಟ್ಟೆಚೀಲಕ್ಕೆ ಇಳಿಸಿ ತೂಗುತ್ತಾರೆ. ಹೆಣ್ಣಾದರೆ ಹೊಟ್ಟೆಚೀಲ ಬಿಡಿಸಿ ನೋಡುತ್ತಾರೆ. ತಾಯಿಗಿರುವುದು ನಾಲ್ಕೇ ಮೊಲೆ, ಹಾಗಾಗಿ ಹೆಚ್ಚೆಂದರೆ ನಾಲ್ಕು ಮರಿ. 2018ರಲ್ಲಿ ಹಾಗೆ ನೋಡಿದಾಗ ಎಷ್ಟೋ ಚೀಲಗಳಲ್ಲಿ ಮರಿಗಳು ಸತ್ತಿದ್ದವು, ತಾಯಂದಿರಿಗೆ ಹಾಲು ಬತ್ತಿತ್ತು. ಮಳೆ ಮರಳಿ, ಪತಂಗಗಳು ಒಂದಿಷ್ಟು ಚೇತರಿಸಿಕೊಂಡ ಮೇಲೂ ಪೆಟ್ಟಿಗೆ ತೆರೆದವರು ಮೊದಲು ನೋಡುವುದು ಆ ಚೀಲವನ್ನೇ.